ರೊಟ್ಟಿ ಬಡಿಯದ ಕೈಗೆ ತಾಯಿಚಿ

ಹಾಲು ಉಕ್ಕುವುದಕ್ಕೆ, ಕರೆಂಟು ಹೋಗುವುದಕ್ಕೆ ಒಂದು ಹೊತ್ತು ಅಂತ ಇರಬಹುದು. ನಮ್ಮ ಮನೆ ನಗೆಪಾಟಲಾಗುವುದಕ್ಕೆ ಮಾತ್ರ ಹೊತ್ತಿಲ್ಲ, ಗೊತ್ತಿಲ್ಲ. ನಾನು ಗೋಕಾಕದ ಅರಿವಿ ಅಂಗಡಿಯೊಂದರಲ್ಲಿ ಸೀರೆ ತೋರಿಸುವವ. ದಿನವಿಡೀ ಸೆರಗು ಬೀಸಿ ಬೀಸಿ, ಇಲ್ಲದ ಹೊಳಪನ್ನೂ ಇದೆಯೆಂದು ನಂಬಿಸುವ ಬಾಯಿ ನನ್ನದು. ಕೆಳಗಿನ ಮಾತಿನಲ್ಲಿ ಅಷ್ಟಿಷ್ಟು ಬಣ್ಣ ಬಿಟ್ಟರೆ, ಮೊದಲ ಸಲ ಒಗೆದಾಗ ಬಿಡೋದೇ ಅಂತ ತಿಳಿದು ಸುಮ್ಮನಾಗಿ.

ಫ್ರಿಜ್ಜಿನ ಬ್ಯಾನಿ

ಹೆಂಡತಿಯ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲೊಲ್ಲದು. ತಲೆ ಬಾಚಲು ಬರುವುದಿಲ್ಲ, ಹಿಟ್ಟು ನಾದಲು ಬರುವುದಿಲ್ಲ. ನಮ್ಮ ಅಡಿಗೆಮನೆಯ ತುದಿ ಫಳಿಯನ್ನು, ಅಂದರೆ ಎಲ್ಲಕ್ಕಿಂತ ಮೇಲಿನ ಹಲಗೆಯನ್ನು, ಮುಟ್ಟುತ್ತಿದ್ದವಳು ಮನೆಯಲ್ಲಿ ಅವಳೊಬ್ಬಳೇ. ನಾನು ಕುಳ್ಳ. ಆದರೂ ಮದುವೆ ಫೋಟೋದಲ್ಲಿ ನಾನೇ ಎತ್ತರ; ಯಾಕೆಂದರೆ ನಾನು ನಿಂತಿದ್ದೇನೆ, ಅವಳು ಕೂತಿದ್ದಾಳೆ.

ಡಾಕ್ಟರರು ಕೈ ತಿರುವಿ ನೋಡಿ ಹೇಳಿದರು: "ಫ್ರೋಜನ್ ಶೋಲ್ಡರ್ ಅಂತಾರ್ರಿ ಇದಕ್ಕ. ದಿನಾ ಸಾವಕಾಶ ಆಡಿಸಬೇಕು. ಹಂಗ ಬಿಟ್ರ ಕೈ ಹಿಂಗ ಕುಂತಬಿಡ್ತೈತಿ. ನಿಮ್ಮನ್ಯಾಗಿನ ತುದಿ ಫಳಿ ಮುಟ್ಟಿದ ದಿನ ಆರಾಮಾತು ಅಂತ ತಿಳೀರಿ."

ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ. "ಫ್ರೋಜನ್ ಅಂದ್ರ ಹೆಪ್ಪುಗಟ್ಟೈತಿ ಅಂತ, ಅವ್ವಾ."

"ಬಡಕೊಂಡೆ ನಾ," ಅಂದಳು ಅವ್ವ. "ಫ್ರಿಜ್ಜಿನ್ಯಾಗ ಮ್ಯಾಲಿಂದ ಮ್ಯಾಲ ಕೈ ಹಾಕಬ್ಯಾಡ ಅಂತ. ಕೇಳಿದಳೇನು? ಅದಿರಲಿ, ನಾಳಿಗೆ ರೊಟ್ಟಿ ಯಾರು ಬಡೀತಾರ?"

ಅಲ್ಲಿಂದ ಆ ಪ್ರಶ್ನೆ ಊರೂರು ತಿರುಗಿತು. ಮಾತಾಡಿಸಲು ಬಂದ ಓಣಿಯವರು ಕೇಳಿದ್ದು ಅದನ್ನೇ. ಮೂಡಲಗಿಯಿಂದ ನನ್ನ ಅಕ್ಕ ಫೋನು ಮಾಡಿ ಕೇಳಿದ್ದೂ ಅದನ್ನೇ. ಮದುವೆಯಾಗಿ ಬಂದಾಗಿನಿಂದ ಆ ಕೈ ಬಡಿದ ರೊಟ್ಟಿ ಒಂದರ ಮೇಲೊಂದು ಇಟ್ಟಿದ್ದರೆ ಗೋಕಾಕದ ಗುಡ್ಡ ಗಿಡ್ಡ ಕಾಣುತ್ತಿತ್ತು. ಉಂಡೆದ್ದವರ ಪೈಕಿ ಒಬ್ಬರೂ "ಕೈ ಹೆಂಗೈತಿ" ಅನ್ನಲಿಲ್ಲ. ಖಾನಾವಳಿಯಿಂದ ರೊಟ್ಟಿ ತಂದರೆ ಅವ್ವ ಅದನ್ನು ಬೆಳಕಿಗೆ ಹಿಡಿದು, "ದಪ್ಪ" ಅಂತ ಪಕ್ಕಕ್ಕಿಡುತ್ತಿದ್ದಳು. ನೀನೇ ಬಡಿಯಬಾರದೇನು ಅಂತ ನನ್ನ ಕೇಳಬೇಡಿ. ಗಂಡಸು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಸೀರೆ ಸುತ್ತಿಕೊಂಡು ತೋರಿಸಬಹುದಂತೆ, ರೊಟ್ಟಿ ಬಡಿದರೆ ಮನೆತನದ ಮಾನ ಹೋಗುತ್ತದಂತೆ. ಅವ್ವನ ಕಾಯಿದೆ.

ಹೆಂಡತಿ ಒಂದೇ ಮಾತು ಅಂದಳು: "ಬ್ಯಾನಿ ಇರೂದು ನನ್ನ ಕೈಯಾಗ. ನರಳಾಕತ್ತಿದ್ದು ಮಾತ್ರ ಎಲ್ಲಾರ ಹೊಟ್ಟಿ."

ಯಾವ ತಾಯಿ?

ಟೀವಿಯಲ್ಲಿ ಹುಡುಕಿ ಹುಡುಕಿ ಕಸರತ್ತಿನ ಒಂದು ವಿಡಿಯೋ ಹಿಡಿದೆ. ಚೀನಾದ ಮುದುಕನೊಬ್ಬ ಗಿಡದ ಕೆಳಗೆ ನಿಂತು, ನೀರೊಳಗೆ ಕೈ ಆಡಿಸಿದ ಹಾಗೆ ಮೆಲ್ಲಗೆ ಆಡಿಸುತ್ತಿದ್ದ.

"ಏನದು?" ಅಂದಳು ಅವ್ವ.

"ತಾಯಿ ಚೀ."

"ಹಡದ ತಾಯಿಗೆ ಛೀ ಅಂತೀ? ಅದೂ ಹೇಂತಿ ಮುಂದ?"

ಅವ್ವನನ್ನು ಸಮಾಧಾನ ಮಾಡುವಷ್ಟರಲ್ಲಿ ಹುಕ್ಕೇರಿಯಿಂದ ಅತ್ತೆಯ ಫೋನು. ಅವರ ತವರು ಗಡಿಯಾಚೆ. ಬಾಯಲ್ಲಿ ಅರ್ಧ ಮರಾಠಿ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ, ತಾಯಿಚಿ ಅಂದರೆ ಅಕ್ಕನದು. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಹೇಳಿದೆ: "ನಿಮ್ಮ ಮಗಳಿಗೆ ತಾಯಿಚಿ ಕಸರತ್ತು ಹಚ್ಚೇನ್ರಿ ಅತ್ತಿ."

"ಕೋಣತ್ಯಾ ತಾಯಿಚಿ?" ಅಂದರು. ಯಾವ ಅಕ್ಕನದು?

"ನನಗಿರೂದು ಒಬ್ಬಾಕಿನ ಅಲ್ಲೇನ್ರಿ, ಮೂಡಲಗ್ಯಾಕಿ," ಅಂದು ಫೋನು ಇಟ್ಟೆ. ನಗು ತಡೆಯಲಾರದೆ ಬಾಯಿಗೆ ಟಾವೆಲ್ಲು ಒತ್ತಿಕೊಂಡೆ.

ಅತ್ತೆ ತಡಮಾಡಲಿಲ್ಲ. ಸೀದಾ ಮೂಡಲಗಿಗೆ ಫೋನು ಹಚ್ಚಿದರು. "ನನ್ನ ಮಗಳ ಕೈ ಏಳವಲ್ದು, ನಿಂದೇನ ತಾಯಿ ಆಕಿ ಮ್ಯಾಲ ಕಸರತ್ತು? ನಿನ್ನ ಭಾಂಡಿ ತಿಕ್ಕಸಾಕತ್ತೀಯೇನು?"

ಅಕ್ಕ ಎಲ್ಲಿ ಬಿಟ್ಟಾಳು? "ನಾ ಏನ್ ಮಾಡಸೇನ್ರಿ ಆಕೀಗೆ? ರೊಟ್ಟಿ ತಪ್ಪಸಾಕ ಸೋಂಗ ಹಾಕ್ಯಾಳ ಅಂತ ಓಣ್ಯಾಗ ನಾಕ ಮಂದಿ ಮುಂದ ಅಂದೇನಿ, ಅಷ್ಟ!"

ಹೀಗೆ ನಾನು ಗಾಳಿಗೆ ಬಿಟ್ಟ ಸುಳ್ಳು ಹೋಗಿ, ಅಕ್ಕ ಖರೇನೇ ಆಡಿದ್ದ ಒಂದು ಮಾತನ್ನು ಹೊರಗೆ ಎಳೆದು ತಂದಿತು. ಬ್ಯಾನಿ ಸೋಂಗಂತೆ, ಬರೀ ನಟನೆಯಂತೆ! ಆ ಮಾತು ಹುಕ್ಕೇರಿ ಸುತ್ತಿ ನಮ್ಮ ಅಡಿಗೆಮನೆಗೂ ಮುಟ್ಟಿತು. ಹೆಂಡತಿ ಎಡಗೈಯಲ್ಲಿ ಚಹಾ ತಂದು ಮುಂದಿಟ್ಟಳು. ಕುಡಿದೆ. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು; ಎಡಗೈ ತಪ್ಪೋ, ಬೇಕಂತಲೋ, ಕೇಳುವ ಧೈರ್ಯ ಆಗದೆ ಪೂರ್ತಿ ಕುಡಿದೆ.

ಜೇನು ಎದ್ದಾವ

ಓಣಿಯ ಹೆಣ್ಣುಮಕ್ಕಳು "ಜೋಡಿಗೆ ನಾವೂ ಮಾಡತೇವಿ" ಅಂತ ಬಂದರು. ಟೀವಿ ಮುಂದೆ ಸಾಲಾಗಿ ನಿಂತರು. ಆದರೆ ಅವರ ಕಣ್ಣು ಮುದುಕನ ಮೇಲಿರಲಿಲ್ಲ, ನನ್ನ ಹೆಂಡತಿಯ ಭುಜದ ಮೇಲಿತ್ತು. ಮೈಮರೆತು ಒಮ್ಮೆಯಾದರೂ ಕೈ ಎತ್ತಿಬಿಡುತ್ತಾಳೇನೋ ಅಂತ ಕಾಯುತ್ತಿದ್ದರು.

ಎದುರು ಮನೆಯಾಕೆಗೆ ಬೇಸರ ಬಂತು. "ಇದೇನ್ರಿ, ಮಣ್ಣಿಗೆ ಹೊಂಟವರಂಗ?"

ರಿಮೋಟು ನನ್ನ ಕೈಯಲ್ಲಿತ್ತು. ವಿಡಿಯೋದ ಓಟವನ್ನು ಎರಡು ಪಟ್ಟು ಮಾಡಿದೆ. ಮುದುಕ ಒಮ್ಮೆಲೇ ಹೌಹಾರಿ ಕೈ ಬೀಸತೊಡಗಿದ. ಇವರೂ ಬೀಸಿದರು. ಒಬ್ಬಾಕೆಯ ಮೊಣಕೈ ಇನ್ನೊಬ್ಬಾಕೆಯ ಮೂಗಿಗೆ ಬಡಿಯಿತು. ಅವ್ವ ಕೋಣೆಯಿಂದ ಕೂಗಿದಳು: "ಬಾಗಲಾ ಹಾಕ್ರೆ, ಜೇನು ಎದ್ದಾವ!"

ಅದು ಬೇಡ, ಕುಣಿಯೋದು ಹಚ್ಚು ಅಂದರು. ಹಚ್ಚಿದೆ. ಬಳುಕುವ ಹುಡುಗಿಯೊಬ್ಬಳು ಹಾಡಿಗೆ ತಕ್ಕಂತೆ ಜಿಗಿಯುವ ವಿಡಿಯೋ. ಈ ಸಲ ಓಟ ಅರ್ಧಕ್ಕೆ ಇಳಿಸಿದೆ. ಹುಡುಗಿ ಮೇಲೆ ಹೋದವಳು ಕೆಳಗೆ ಬರಲು ವಿಚಾರ ಮಾಡತೊಡಗಿದಳು. ಹಾಡು ಈಯಲು ಬಂದ ಎಮ್ಮೆಯ ಹಾಗೆ ಒದರಿತು. "ಹಾಡಿಗೆ ನೆಗಡಿ ಬಂದೈತೇನ್ರಿ?" ಅಂದಳು ಎದುರು ಮನೆಯಾಕೆ. ನಾನು ಗಂಭೀರವಾಗಿ, "ಹವಾ ಬದಲ್ರಿ," ಅಂದೆ.

ಅಂದು ಹೆಂಡತಿಯೂ ನಕ್ಕಳು. ಕೈ ಕೆಳಗೇ ಬಿಟ್ಟುಕೊಂಡು, ಬರೀ ಕಾಲಿನಲ್ಲಿ ಒಂದೆರಡು ಹೆಜ್ಜೆ ಹಾಕಿದಳು. ಅಷ್ಟೇ ಸಾಕಾಯಿತು.

"ಕುಣಿಯಾಕ ಬರತೈತಿ," ಅಂದಳು ಎದುರು ಮನೆಯಾಕೆ, ಬಾಕಿಯವರ ಕಡೆ ಕಣ್ಣು ಹೊರಳಿಸಿ. "ರೊಟ್ಟಿ ಬಡಿಯಾಕ ಬರಂಗಿಲ್ಲ."

"ಯಾಕ್ರಿ," ಅಂದಳು ನನ್ನ ಹೆಂಡತಿ, "ನಿಮ್ಮನ್ಯಾಗ ರೊಟ್ಟಿ ಕಾಲಿಲೆ ಬಡೀತೀರೇನು?"

ಸೆರಗಿನ ವಿದ್ಯೆ

ಮರುದಿನದಿಂದ ಓಣಿಯವರು ಯಾರೂ ಬರಲಿಲ್ಲ. ಟೀವಿಯ ಮುದುಕ ಮಾತ್ರ ಬಂದ. ಅವನ ಕೈ ಆಕಾಶ ಮುಟ್ಟಿದರೆ ಇವಳದು ಎದೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ನೋವಿಗೆ ತುಟಿ ಕಚ್ಚಿಕೊಂಡು, "ಇದು ಹಿಂಗ ಉಳಿತಂದ್ರ ಏನ್ ಮಾಡೂದ್ರಿ?" ಅಂದಳು.

ಇಂಥ ಮಾತಿಗೆ ನನ್ನ ಹತ್ತಿರ ಸೀರೆ ಇರುತ್ತದೆ. ಅವಳ ಟ್ರಂಕಿನಿಂದ ಇಳಕಲ್ ಸೀರೆಯೊಂದು ತೆಗೆದು, ಒಂದು ತುದಿ ಅವಳ ಬಲಗೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದು ಸ್ಟೂಲು ಹತ್ತಿದೆ. "ಸೆರಗ ನೋಡ್ರಿ ಬಾಯಾರ, ಏನ ಕಳೆ!" ಅನ್ನುತ್ತ ಮುದುಕನ ಓಟಕ್ಕೆ ಸರಿಯಾಗಿ ಮೆಲ್ಲಗೆ ಎತ್ತಿದೆ. ಅರಿವೆಯ ಹಿಂದೆ ಅವಳ ಕೈಯೂ ಒಂದು ಬೆರಳಿನಷ್ಟು ಎದ್ದಿತು. ದಿನಾ ಹೀಗೆಯೇ. ಅಂಗಡಿಯಲ್ಲಿ ಸೆರಗು ಬೀಸಿ ಬಂದು, ಮನೆಯಲ್ಲೂ ಸೆರಗು ಬೀಸಿದೆ.

ಡಾಕ್ಟರರು ನೋಡಿ ಬೆರಗಾದರು. "ಯಾವ ಪದ್ಧತಿರಿ ಇದು?"

"ಚೀನಾದ್ದರಿ," ಅಂದೆ. "ಇಳಕಲ್ ಮ್ಯಾಲಿಂದ ಬಂದೈತಿ."

ಹೆಂಡತಿ ಹೇಳಿದಳು: "ದಿನಾ ಸೀರಿ ತೋರಸತಾರ್ರಿ ಡಾಕ್ಟರ. ಅದೂ ನನ್ನ ತವರವರು ಕೊಟ್ಟಿದ್ದ."

ತುದಿ ಫಳಿ

ಸೋಂಗನ್ನು ಕಣ್ಣಾರೆ ಹಿಡಿಯಲು ಮೂಡಲಗಿಯಿಂದ ಅಕ್ಕ ಬಂದಳು. ಮಗಳನ್ನು ಕಾಯಲು ಹುಕ್ಕೇರಿಯಿಂದ ಅತ್ತೆ ಬಂದರು. ಇಬ್ಬರೂ ಒಂದೇ ದಿನ, ಒಂದೇ ಸೋಫಾದ ಎರಡು ತುದಿಗೆ ಕೂತರು. ನಡುವೆ ಅವ್ವ.

ಹೆಂಡತಿ ಟೀವಿ ಹಚ್ಚಿದಳು. ಸೀರೆ ಹಿಡಿಯಲು ನಾನು ಎದ್ದರೆ ಬೇಡವೆಂದು ಕಣ್ಣಲ್ಲೇ ಹೇಳಿದಳು. ಮುದುಕ ಕೈ ಎತ್ತಿದ. ಅವಳೂ ಎತ್ತಿದಳು. ಎದೆ ದಾಟಿತು, ಭುಜ ದಾಟಿತು, ಕಿವಿ ದಾಟಿತು. ಹಣೆಯ ಮೇಲೆ ಬೆವರು ಮೂಡಿತು, ಆದರೂ ಕೈ ಮೇಲೆ ಹೋಯಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಧೂಳು ಇರಬೇಕು.

"ಚಲೋ ಆತ ನೋಡವಾ," ಅಂದಳು ಅಕ್ಕ. "ಇನ್ನ ರೊಟ್ಟಿ ಚಿಂತಿ ಹೋತು."

ಅವ್ವ ಆಗಲೇ ಎದ್ದು ಅಡಿಗೆಮನೆ ಸೇರಿದ್ದಳು. ರೊಟ್ಟಿ ಹಂಚು ತೊಳೆದು ತಂದು ಸೊಸೆಯ ಕೈಗೆ ಕೊಟ್ಟಳು.

ಹೆಂಡತಿ ಹಂಚು ಹಿಡಿದು ಒಳಗೆ ನಡೆದಳು. ನಾವೆಲ್ಲ ಹಿಂದೆ. ಒಲೆಯ ಮುಂದೆ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಹಂಚು ಹಿಡಿದು, ಆ ಮುದುಕನಂತೆಯೇ ಸಾವಕಾಶ, ಉಸಿರು ಬಿಗಿಹಿಡಿದು, ಮೇಲೆ ಮೇಲೆ ಎತ್ತಿದಳು. ತುದಿ ಫಳಿಯ ಮೇಲೆ, ಗೋಡೆಗೆ ಹತ್ತಿಸಿ ಇಟ್ಟಳು. ಕೈ ಇಳಿಸಿ ಭುಜ ತಿಕ್ಕಿಕೊಂಡಳು.

"ಅಲ್ಲ್ಯಾಕ ಇಟ್ಟಿ?" ಅಂದಳು ಅವ್ವ.

"ತುದಿ ಫಳಿ ಮುಟ್ಟಬೇಕು ಅಂದಾರಲ್ಲರಿ ಅತ್ತಿ ಡಾಕ್ಟರು. ಮುಟ್ಟಿದೆ. ಇಳಸಬೇಕು ಅಂತ ಏನೂ ಹೇಳಿಲ್ಲ."

ಅಕ್ಕ ಸೊಂಟಕ್ಕೆ ಕೈ ಕೊಟ್ಟಳು. "ಹಂಗಾರ ಈ ಮನ್ಯಾಗ ಇವತ್ತ ರೊಟ್ಟಿ ಯಾರು ಬಡೀಬೇಕು?"

ಹುಕ್ಕೇರಿಯ ಅತ್ತೆ ಬಾಗಿಲ ಸಂದಿನಿಂದ ತಲೆ ಹಾಕಿ, ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ದಿನದಿಂದ ಕಟ್ಟಿಟ್ಟ ಮಾತು ಬಿಚ್ಚಿದರು:

"ಇನ್ನ ತಾಯಿಚಿ ಪಾಳಿ."

ಅಕ್ಕ ನನ್ನ ಕಡೆ ತಿರುಗಿದಳು. ನಾನು ಸ್ಟೂಲು ತರಲು ಓಡಿದೆ.