ಖಾಲಿ ತೊಟ್ಟಿಲಿಗೆ ಕೇಳಿಸಿದ ಅಳು

ತೇಗದ ತೊಟ್ಟಿಲಿಗೆ ಆರು ಸಾವಿರ, ಮೋಟರಿಗೆ ಎರಡು ಸಾವಿರ, ಅಳು ಕೇಳಿಸಿಕೊಳ್ಳುವ ಮೈಕಿಗೆ ಒಂಬೈನೂರು. ಕಲ್ಪನೆಗೆ ಮಾತ್ರ ದುಡ್ಡು ಬೀಳಲಿಲ್ಲ. ಎಂಜಿನಿಯರನಿಗೆ ದುಬಾರಿಯಾದದ್ದು ಅದೇ.

ತೊಟ್ಟಿಲು ಕಾರ್ಖಾನೆಯ ಯಜಮಾನರು ಅವನನ್ನು ಪುಸ್ತಕದ ಹುಳು ಎಂದೇ ಕರೆಯುತ್ತಿದ್ದರು. ಓದಿದ್ದು ಸಾಕು, ಸ್ವಂತ ತಲೆಯಿಂದ ಏನಾದರೂ ಹುಟ್ಟಿಸು ಎಂದು ಗದರಿದ್ದರು. ಹುಟ್ಟಿಸಿದ: ಕೂಸು ಅತ್ತರೆ ತಾನೇ ತೂಗುವ ತೊಟ್ಟಿಲು. ಇವತ್ತು ಸಂಜೆ ಅವರು ಮೊಮ್ಮಗಳನ್ನು ಎತ್ತಿಕೊಂಡು ಅವನ ಮನೆಗೇ ಬಂದು ಪರೀಕ್ಷಿಸುವವರಿದ್ದರು. ತೂಗಿದರೆ ಕೆಲಸ ಖಾಯಂ. ತೂಗದಿದ್ದರೆ ಕೆಲಸವೇ ಇಲ್ಲ.

ಬೆಳಿಗ್ಗೆ ಅದನ್ನೇ ನೆನೆಯುತ್ತ ಕೂತಿದ್ದಾಗ, ಕೂಸಿಲ್ಲದ ತೊಟ್ಟಿಲು ಮೆಲ್ಲಗೆ ತೂಗತೊಡಗಿತು.

ಗಾಳಿಯಿರಬೇಕೆಂದು ಕಿಟಕಿ ಮುಚ್ಚಿದ. ನಿಂತಿತು. ಮತ್ತೆ ಯಜಮಾನರ ನೆನಪಾಯಿತು. ಮತ್ತೆ ತೂಗಿತು, ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಕಿರುಗುಟ್ಟುತ್ತ.

ಹೆಂಡತಿ ನೋಡಿ ಕಿರುಚಿದಳು. ಕರೆಯದೆ ಬರುವುದರಲ್ಲಿ ನೆರೆಯವರು ನೊಣಗಳಿಗಿಂತ ಮುಂದು. ಪಕ್ಕದ ಮನೆಯ ಟೈಲರ್ ಕತ್ತರಿ ಹಿಡಿದೇ ಓಡಿಬಂದು, ತೊಟ್ಟಿಲನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಿದ. ಅಲ್ಲೂ ತೂಗಿತು. ಮೇಲ್ಮನೆಯ ಅಜ್ಜಿ ಒಳಗೆ ಕೈಯಿಟ್ಟು ನೋಡಿದರು.

"ಹಾಸಿಗೆ ಬೆಚ್ಚಗಿದೆ ಕಣಪ್ಪಾ."

ಅದು ಮೋಟರಿನ ಬಿಸಿ ಎಂದು ಎಂಜಿನಿಯರ್ ವಿವರಿಸಿದ. ಅವನ ವಿವರಣೆ ಅವನಿಗೇ ಸಮಾಧಾನ ಕೊಡಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಆಗ, ಎಲ್ಲೋ ಹತ್ತಿರದಲ್ಲೇ, ಒಂದು ಕೂಸು ಸಣ್ಣಗೆ ಕುಂಯ್‌ಗುಟ್ಟಿದ್ದು ಎಲ್ಲರಿಗೂ ಕೇಳಿಸಿತು, ಎಂಜಿನಿಯರನೊಬ್ಬನನ್ನು ಬಿಟ್ಟು. ಟೈಲರ್ ಕತ್ತರಿ ಅಲ್ಲೇ ಬಿಟ್ಟು ಹೋದವನು ತಿರುಗಿ ಬರಲಿಲ್ಲ.

ಸಂಜೆ ಯಜಮಾನರು ಬಂದರು. ಅಜ್ಜಿಯೂ ಇಳಿದುಬಂದರು, ಇಂಥದ್ದನ್ನು ತಪ್ಪಿಸಿಕೊಳ್ಳುವವರಲ್ಲ. ಮೊಮ್ಮಗಳನ್ನು ಮಲಗಿಸಿದ್ದೇ ತಡ, ಮಗು ಸೂರು ಹಾರಿಹೋಗುವಂತೆ ಅತ್ತಿತು. ತೊಟ್ಟಿಲು ಕಲ್ಲಿನ ಹಾಗೆ ನಿಂತಿತ್ತು. ಎಂಜಿನಿಯರ್ ಮೈಕು ತಟ್ಟಿದ, ತಂತಿ ಅಲುಗಿಸಿದ, ಬೆವರು ಒರೆಸಿಕೊಂಡ. ಯಜಮಾನರು ದನಿ ಏರಿಸಲೂ ಇಲ್ಲ.

"ನಾಳೆಯಿಂದ ಬರಬೇಡಪ್ಪಾ."

ತೊಟ್ಟಿಲು ಅಲುಗಿತು. ಮೆಲ್ಲಗೆ, ಆಮೇಲೆ ಅಕ್ಕರೆಯಿಂದ ತೂಗಿತು. ಮಗು ಬಿಕ್ಕಳಿಸಿ, ಸುಮ್ಮನಾಗಿ, ನಿದ್ದೆಹೋಯಿತು. ಆ ಮೌನದಲ್ಲಿ ಮತ್ತೆ ಅದೇ ಕುಂಯ್ ಸದ್ದು.

ಅಜ್ಜಿ ಎಂಜಿನಿಯರನ ಮೂಗಿನ ಹತ್ತಿರ ಕಿವಿಯಿಟ್ಟು ಕೇಳಿದರು. "ಮಗಾ, ಅಳ್ತಿರೋ ಕೂಸು ನೀನೇ ಕಣೋ."

ಆಗ ಹೆಂಡತಿ ತಲೆ ತಗ್ಗಿಸಿ ನಿಜ ಹೇಳಿದಳು. ತೊಟ್ಟಿಲಿಗೆ ಅಳು ಕಲಿಸಲು ಮನೆಯಲ್ಲಿ ಕೂಸಿರಲಿಲ್ಲ. ಕಲ್ಪನೆ ಓಡಿಸಿದ ಗಂಡ ಬಚ್ಚಲಿನ ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ತಾನೇ ಕೂಸಿನ ಹಾಗೆ ಅತ್ತಿದ್ದ. ತೊಟ್ಟಿಲು ಕಲಿತದ್ದು ಅದೊಂದೇ ಅಳು; ಹೆದರಿದಾಗಲೆಲ್ಲ ಅವನಿಗೇ ಅರಿವಿಲ್ಲದೆ ಮೂಗಿನಿಂದ ಹೊರಡುತ್ತಿದ್ದದ್ದೂ ಅದೇ.

ಯಜಮಾನರು ಮಲಗಿದ ಮಗುವನ್ನು ಬಹಳ ಹೊತ್ತು ನೋಡಿದರು.

"ನಾಳೆ ಬಾ. ಕಾರ್ಖಾನೆಗಲ್ಲ, ನಮ್ಮನೆಗೆ."

ಈಗ ಅವನು ದಿನವೂ ಪರದೆ ಎಳೆದ ಕೋಣೆಯಲ್ಲಿ, ತೊಟ್ಟಿಲ ಪಕ್ಕ ಕೂತು ಸಣ್ಣಗೆ ಅಳುತ್ತಾನೆ. ಸಂಬಳ ಮೊದಲಿನಷ್ಟೇ. ಕೆಲಸ ಉಳಿಯಿತು, ಎಂಜಿನಿಯರಿಕೆ ಹೋಯಿತು.