ಶ್ರುತಿ ಹಿಡಿದ ಫ್ರಿಜ್ಜು

ಆ ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಆರರಿಂದ ಎಂಟು ಸಾಧನೆ, ಎಂಟರಿಂದ ಹತ್ತು ಮನೆಗೆಲಸ, ಆಮೇಲೆ ನನ್ನ ಹೊಸ ರಚನೆಗೆ ಕೊನೆಯ ಮೆರುಗು, ನಾಲ್ಕಕ್ಕೆ ವಿಜಯ! ಇಷ್ಟನ್ನೂ ಕೆಂಪು ಶಾಯಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೆಂಡತಿಗೆ ಓದಿ ಹೇಳಿದೆ.

"ನಾಲ್ಕಕ್ಕೆ ಯಾರು ಬರ್ತಾಳೆ ಅಂದ್ರಿ?"

"ವಿಜಯ."

"ಯಾವ ವಿಜಯ?"

ಬಾಯಲ್ಲಿ ಪೇಸ್ಟು ಇಟ್ಟುಕೊಂಡು ಪ್ರತಿಜ್ಞೆ ಮಾಡಬಾರದು ಎಂಬ ಮೊದಲ ಪಾಠ ನನಗೆ ಅಲ್ಲಿಗೇ ಆಯಿತು. ಮುಖ ತೊಳೆದುಕೊಂಡು ಬಂದು ಬಿಡಿಸಿ ಹೇಳಬೇಕಾಯಿತು.

ನಾನು ಹನ್ನೆರಡು ಜನರ ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸುವವನು. ಹತ್ತೊಂಬತ್ತು ವರ್ಷ ಎರಡನೇ ಸಾಲಿನ ಮೂರನೇ ಕುರ್ಚಿಯಲ್ಲಿ, ಹತ್ತರ ಜೊತೆ ಹನ್ನೊಂದಾಗಿ ಕೂತಿದ್ದೇನೆ. ನಮ್ಮನ್ನು ನಡೆಸುವವರು ಮೇಷ್ಟ್ರು. ಹಿಂದಿನಿಂದ ಅವರನ್ನು ಕಿವಿಹಿಂಡಿ ಮೇಷ್ಟ್ರು ಎನ್ನುತ್ತೇವೆ, ಎದುರಿಗೆ ಏನೂ ಎನ್ನುವುದಿಲ್ಲ. ಮೊನ್ನೆ ತಾಲೀಮಿನಲ್ಲಿ ಅವರು ಈ ಭಾನುವಾರದ ಕಛೇರಿಯ ಆರಂಭಕ್ಕೆ ಒಂದು ಸೋಲೋ ಬೇಕು ಎಂದರು. ಮೊದಲ ಒಂದು ನಿಮಿಷ ಪಿಟೀಲು ಒಂದೇ, ಆಮೇಲೆ ಕೀಬೋರ್ಡು ಬಂದು ಸೇರಿಕೊಳ್ಳುತ್ತದೆ. ನಾನು ತಟ್ಟನೆ ಎದ್ದು ನಿಂತೆ. ಆ ಒಂದು ನಿಮಿಷವನ್ನು ನಾನೇ ರಚಿಸುತ್ತೇನೆ, ನಾನೇ ನುಡಿಸುತ್ತೇನೆ ಎಂದೆ.

"ನಿಮಗೆ ಮುಂಚೆ ಶ್ರುತಿ ಕೊಡೋರು ಯಾರೂ ಇರಲ್ಲ. ಕೀಬೋರ್ಡು ಬಂದಾಗ ನೀವೊಂದು ಕಡೆ, ಅದೊಂದು ಕಡೆ ಆದ್ರೆ?" ಎಂದು ಮೇಷ್ಟ್ರು ಕೇಳಿದರು.

"ಮೇಷ್ಟ್ರೇ, ಶ್ರುತಿ ನನ್ನ ಕಿವಿಯಲ್ಲೇ ಇದೆ. ಹುಟ್ಟಿದಾಗಿನಿಂದ."

ಹನ್ನೊಂದು ಜನರ ಮುಂದೆ ಹೇಳಿದ ಮಾತು. ಮೇಷ್ಟ್ರು ಒಂದು ನಿಮಿಷ ನನ್ನ ಕಿವಿಗಳನ್ನೇ ನೋಡಿ, ಗುರುವಾರ ನಾಲ್ಕಕ್ಕೆ ಮನೆಗೇ ಬಂದು ಪರೀಕ್ಷೆ ಮಾಡುತ್ತೇನೆ, ನಿಮ್ಮ ಮಗಳ ಕೀಬೋರ್ಡು ಇದೆಯಲ್ಲ, ಸಾಕು ಎಂದರು.

"ಸೋಲೋ ಗೆಲುವೋ ಸಂಜೆ ನೋಡೋಣ. ಮೊದಲು ಬಟ್ಟೆ ಒಣಹಾಕಿ, ಆ ತರಕಾರಿ ಕುಯ್ದುಕೊಡಿ. ಕುಯ್ಯೋದು ನಿಮಗೆ ಹೊಸದಲ್ಲವಲ್ಲ" ಎಂದಳು ಇದನ್ನೆಲ್ಲ ಕೇಳಿದ ಹೆಂಡತಿ.

ಇಲ್ಲಿ ನಾನು ಓದುಗರಿಗೆ ಒಂದು ಗುಟ್ಟು ಹೇಳಲೇಬೇಕು. ನನ್ನ ಕಿವಿಯಲ್ಲಿ ಶ್ರುತಿಯೂ ಇಲ್ಲ, ಗಿತಿಯೂ ಇಲ್ಲ. ಶ್ರುತಿ ಇರುವುದು ನಮ್ಮ ಫ್ರಿಜ್ಜಿನಲ್ಲಿ. ಹನ್ನೊಂದು ವರ್ಷದ ಹಿಂದೆ ಶ್ರುತಿಪೆಟ್ಟಿಗೆ ಕೆಟ್ಟ ದಿನ ಅಕಸ್ಮಾತ್ತಾಗಿ ಕಂಡುಕೊಂಡೆ. ಅದರ 'ಗುಂಯ್' ಎನ್ನುವ ಸದ್ದು ನನ್ನ ಪಿಟೀಲಿನ ಎರಡನೇ ತಂತಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಹೊಂದುತ್ತಿತ್ತು. ಅವತ್ತಿನಿಂದ ದಿನಾ ಬೆಳಿಗ್ಗೆ ಫ್ರಿಜ್ಜಿನ ಪಕ್ಕೆಗೆ ಕಿವಿಯಾನಿಸಿ ತಂತಿ ತಿರುಗಿಸುತ್ತೇನೆ. ಮನೆಗೆ ಯಾರಾದರೂ ಬಂದರೆ ನಡುಮನೆಯಲ್ಲೇ ಕಣ್ಣು ಮುಚ್ಚಿ ಕೂತು, ಅಡುಗೆಮನೆಯಿಂದ ಬರುವ ಗುಂಯ್ ಕೇಳಿಸಿಕೊಂಡು ಶ್ರುತಿ ಮಾಡುತ್ತೇನೆ. ಬಂದವರು ದೈವದತ್ತ ಕಿವಿ ಎನ್ನುತ್ತಾರೆ. ನಾನು ಇಲ್ಲ ಎನ್ನುವುದಿಲ್ಲ.

ಹೆಂಡತಿ ಮಾತ್ರ ಕೆಲವು ಸಲ ಹಿಡಿದುಬಿಟ್ಟಿದ್ದಳು. "ಯಾಕೆ ಫ್ರಿಜ್ಜಿಗೆ ಒರಗಿಕೊಂಡು ನಿಂತಿದ್ದೀರಿ?" ಎಂದರೆ ಹುಬ್ಬು ಗಂಟಿಕ್ಕಿ, "ಏನೋ ಸದ್ದು ಕಣೇ" ಎಂದು ತೇಲಿಸಿಬಿಡುತ್ತಿದ್ದೆ. ಆ ಮೂರು ಮಾತು ಕೊನೆಗೆ ನನ್ನ ಕೊರಳಿಗೇ ಸುತ್ತಿಕೊಂಡಿತು.

ಸಾಧನೆಯೇನೋ ಚೆನ್ನಾಗಿಯೇ ಶುರುವಾಯಿತು. ಎಂಟು ಗಂಟೆಗೆ ಎರಡನೇ ತಂತಿ ಟಣ್ ಎಂದು ಕಿತ್ತುಹೋಯಿತು. ಶುಭಶಕುನ ಎಂದುಕೊಂಡೆ; ನಾಲ್ಕಕ್ಕೆ ಕಿತ್ತುಹೋಗಿದ್ದರೆ ಗತಿಯೇನು? ಬಟ್ಟೆ ಒಣಹಾಕಿ, ತರಕಾರಿಯ ಜೊತೆ ಬೆರಳನ್ನೂ ಚೂರು ಕುಯ್ದುಕೊಂಡು, ಹೊಸ ತಂತಿ ತರಲು ಹೊರಟೆ. ಲಾಂಡ್ರಿಯಿಂದ ಕರಿ ಕೋಟು ತನ್ನಿ, ಬಚ್ಚಲಿನ ಬಲ್ಬು ತನ್ನಿ, ಬರುವಾಗ ನಿಧಾನವಾಗಿ ಬನ್ನಿ ಎಂದಳು ಹೆಂಡತಿ. ನಿಧಾನವಾಗಿ ಬನ್ನಿ ಎಂದು ಅವಳು ಈ ಜನ್ಮದಲ್ಲಿ ಹೇಳಿದ್ದು ಅದೇ ಮೊದಲು. ನನಗೆ ಆಗಲೇ ಹೊಳೆಯಬೇಕಿತ್ತು.

ಹನ್ನೊಂದೂವರೆಗೆ ವಾಪಸು ಬಂದೆ. ಫ್ರಿಜ್ಜು ಗೋಡೆಯಿಂದ ಒಂದು ಗೇಣು ಮುಂದೆ ಬಂದಿತ್ತು. ನನ್ನ ವೇಳಾಪಟ್ಟಿಯ ಮೇಲೆ ಯಾರದೋ ಕರಿ ಹೆಬ್ಬೆರಳಿನ ಗುರುತು. ನೆಲ ಒರೆಸಿರಬೇಕು ಎಂದುಕೊಂಡೆ.

"ಇವತ್ತು ನಿಮಗೊಂದು ಉಡುಗೊರೆ ಇದೆ. ಸಂಜೆ ಹೇಳ್ತೀನಿ" ಎಂದು ಹೆಂಡತಿ ನಕ್ಕಳು.

ಹೊಸ ತಂತಿ ಹಾಕಿ, ಅವಳು ಬಚ್ಚಲಿಗೆ ಹೋದ ಸಮಯ ನೋಡಿ ಫ್ರಿಜ್ಜಿಗೆ ಕಿವಿ ಕೊಟ್ಟೆ. ಸದ್ದು ತೀರ ಸಣ್ಣಗಿತ್ತು. ನನ್ನ ಉದ್ವೇಗವೇ ಇರಬೇಕು ಎಂದುಕೊಂಡು ತಂತಿಯನ್ನು ಅದಕ್ಕೇ ಸೇರಿಸಿದೆ. ಉಳಿದ ಮೂರನ್ನು ಎರಡನೆಯದಕ್ಕೆ ಹೊಂದಿಸಿದೆ. ರಜೆಯಲ್ಲಿದ್ದ ಮಗಳನ್ನು ಕೀಬೋರ್ಡಿನ ಮುಂದೆ ಕೂರಿಸಿದೆ. ಅವಳಿಗೆ ಹತ್ತು ವರ್ಷ, ಅವಳ ನಾಲಿಗೆಗೆ ನಲವತ್ತು.

ಒಂದು ನಿಮಿಷ ನಾನೊಬ್ಬನೇ ನುಡಿಸಿದೆ. ಅವಳು ಬಂದು ಸೇರಿದಳು. ಅಬ್ಬಾ! ಎರಡು ಬೆಕ್ಕುಗಳು ಒಂದೇ ಚೀಲದಲ್ಲಿ ಸಿಕ್ಕಿಕೊಂಡ ಹಾಗಾಯಿತು.

"ನಿನ್ನ ಕೀಬೋರ್ಡು ಶ್ರುತಿ ತಪ್ಪಿದೆ."

"ಕೀಬೋರ್ಡು ಶ್ರುತಿ ತಪ್ಪಲ್ಲ ಅಪ್ಪಾ. ಅದು ಮಿಷನ್ನು."

"ಮಿಷನ್ನಿಗೂ ವಯಸ್ಸಾಗುತ್ತೆ."

"ಮನುಷ್ಯರಿಗೆ?"

ನಾನು ಎದ್ದು ಹೋಗಿ ಸ್ಕ್ರೂಡ್ರೈವರ್ ತಂದೆ. ಬ್ಯಾಟರಿ ಬದಲಾಯಿಸಿದೆ. ಹಿಂಬದಿ ಬಿಚ್ಚಿ ಊದಿದೆ. ಐದು ಸ್ಕ್ರೂ ಬಿಚ್ಚಿದ್ದೆ, ನಾಲ್ಕು ಹಾಕಿದೆ. ಮತ್ತೆ ನುಡಿಸಿದರೆ ಅದೇ ಬೆಕ್ಕುಗಳು, ಅದೇ ಚೀಲ.

ಅಷ್ಟರಲ್ಲಿ ಯಾರೋ ಬಾಗಿಲ ಗಂಟೆ ಒತ್ತಿದರು. ಅದೂ ಶ್ರುತಿ ತಪ್ಪಿತ್ತು! ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ಹನ್ನೆರಡೂ ಅಪಸ್ವರ. ನನ್ನ ಮೊಬೈಲು, ಪಕ್ಕದ ಮನೆಯ ಮೊಬೈಲು, ಎಲ್ಲವೂ ಸೇರಿ ನನ್ನ ವಿರುದ್ಧ ಸಂಚು ಹೂಡಿದ್ದವು. ನನಗೆ ತಲೆ ಗಿರ್ರೆಂದಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಇಲ್ಲಿ ಪೋರ ಯಾರು? ಇಡೀ ಊರೇ ಶ್ರುತಿ ಬಿಟ್ಟಿತೇ, ನಾನೊಬ್ಬನೇ ಬಿಟ್ಟೆನೇ? ಮತ್ತೆ ಅಡುಗೆಮನೆಗೆ ಓಡಿ ಫ್ರಿಜ್ಜನ್ನು ಕೇಳಿದೆ. ನೀನೇ ಸರಿ ಎಂದಿತು. ಹನ್ನೊಂದು ವರ್ಷ ಸುಳ್ಳು ಹೇಳದ ಫ್ರಿಜ್ಜನ್ನು ನಂಬದೆ ಇರುವುದು ಹೇಗೆ?

ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದು ತೀರ್ಮಾನಿಸಿದೆ. ಎರಡು ಕಿವಿಗೂ ಔಷಧದ ಹನಿ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡು ಮಲಗಿದೆ. ಮಗಳು ಬಂದು ಏನೋ ಕೂಗಿದಳು. ಸ್ಕೂಲು ಬಿಡ್ತು ಎಂದ ಹಾಗೆ ಕೇಳಿಸಿತು.

"ಇವತ್ತು ರಜಾ ಅಲ್ವೇನೇ?"

"ಸ್ಕ್ರೂ ಸಿಕ್ತು ಅಂದೆ ಅಪ್ಪಾ. ನಿಮ್ಮ ಬೆನ್ನಿನ ಕೆಳಗಿದೆ."

ನಾಲ್ಕಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ನಾನು ಹತ್ತಿ ಕಿತ್ತು, ಕೋಟು ಹಾಕಿಕೊಂಡು ಎದುರಿಗೆ ಕೂತೆ.

"ಶ್ರುತಿ ಬೇಡ್ವಾ?"

"ಕಿವಿಯಲ್ಲೇ ಇದೆ ಮೇಷ್ಟ್ರೇ" ಎಂದು ಕಣ್ಣು ಮುಚ್ಚಿ, ಅಡುಗೆಮನೆಯ ಕಡೆ ಗಮನವಿಟ್ಟು, ಕೊನೆಯ ಸಲ ತಂತಿ ಸರಿಮಾಡಿದೆ.

ಆ ಒಂದು ನಿಮಿಷ ನಾನು ನಿಜವಾಗಿಯೂ ಚೆನ್ನಾಗಿ ನುಡಿಸಿದೆ. ಹತ್ತೊಂಬತ್ತು ವರ್ಷ ಎರಡನೇ ಸಾಲಿನಲ್ಲಿ ಕೂತು ನುಂಗಿಕೊಂಡದ್ದೆಲ್ಲ ಅದರಲ್ಲಿತ್ತು. ಮೇಷ್ಟ್ರ ತಲೆ ನಿಧಾನವಾಗಿ ತೂಗುತ್ತಿತ್ತು. ಗೆದ್ದೆ ಎಂದುಕೊಂಡೆ. ಮಗಳು ಕೀಬೋರ್ಡು ಒತ್ತಿದಳು. ಮೇಷ್ಟ್ರ ತಲೆ ತೂಗುವುದನ್ನು ನಿಲ್ಲಿಸಿ ಅಡ್ಡಡ್ಡ ಆಡತೊಡಗಿತು. ಪಕ್ಕದ ಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು.

"ನಿಮ್ಮ ನಾಲ್ಕು ತಂತಿಯೂ ಒಂದಕ್ಕೊಂದು ಸರಿಯಾಗಿದೆ. ಆದ್ರೆ ಯಾವುದಕ್ಕೆ ಸೇರಿಸಿದ್ರಿ?" ಎಂದರು ಮೇಷ್ಟ್ರು.

ನಾನು ಕಿವಿ ಮುಟ್ಟಿಕೊಂಡೆ. ಮೇಷ್ಟ್ರು ಬೇಸರದಿಂದ ಎದ್ದು, ಕುಡಿಯಲು ನೀರು ಕೇಳುತ್ತ ಅಡುಗೆಮನೆಯ ಬಾಗಿಲಿಗೆ ಹೋದವರು ಅಲ್ಲೇ ನಿಂತರು. ತಲೆ ಓರೆ ಮಾಡಿದರು. ಬಾಯಿ ಮುಚ್ಚಿ 'ಹ್ಞೂಂ' ಎಂದು ಎಳೆದರು. ಅದೇ ಹ್ಞೂಂ ಹಿಡಿದುಕೊಂಡು ವಾಪಸು ಬಂದು ನನ್ನ ಎರಡನೇ ತಂತಿ ಮೀಟಿದರು.

"ನೋಡಿ, ನಿಮ್ಮ ಪಿಟೀಲು ಸರಿಯಾಗೇ ಇದೆ. ಈ ಫ್ರಿಜ್ಜಿಗೆ."

"ಅಪ್ಪ ದಿನಾ ಫ್ರಿಜ್ಜಿಗೇ ಅಲ್ವಾ ಟ್ಯೂನ್ ಮಾಡೋದು? ನಿಮಗೆ ಗೊತ್ತಿರಲಿಲ್ವಾ?" ಎಂದಳು ಮಗಳು.

ನೀರಿನ ಲೋಟ ಹಿಡಿದಿದ್ದ ಹೆಂಡತಿ ಅಲ್ಲೇ ಕುರ್ಚಿಯಲ್ಲಿ ಕುಸಿದಳು. "ಅಯ್ಯೋ, ಬೆಳಿಗ್ಗೆ ಮೆಕ್ಯಾನಿಕ್ಕನ್ನ ಕರೆಸಿ ಮೋಟಾರು ಬದಲಾಯಿಸಿದ್ನಲ್ಲರೀ. ಹನ್ನೊಂದು ವರ್ಷದಿಂದ ಅದಕ್ಕೆ ಕಿವಿ ಇಟ್ಟು ಮುಖ ಗಂಟು ಹಾಕ್ತಿದ್ರಿ. ಆ ಸದ್ದು ನಿಮ್ಮ ಸಾಧನೆಗೆ ಕಾಟ ಅಂದ್ಕೊಂಡೆ. ಇವತ್ತೊಂದು ದಿನ ಆದ್ರೂ ನಿಮಗೆ ಮನೆ ನಿಶ್ಶಬ್ದವಾಗಿರಲಿ ಅಂತ..." ಅವಳ ಕಣ್ಣಲ್ಲಿ ನೀರಿತ್ತು. ಇದೇ ಉಡುಗೊರೆ.

ನನಗೆ ನಾಚಿಕೆಯಾಯಿತು. ಮೇಷ್ಟ್ರ ಮುಂದೆ ಆದದ್ದಕ್ಕಿಂತ ಅವಳ ಮುಂದೆ ಹೆಚ್ಚು ಆಯಿತು. ಒಂದು ಬಡಾಯಿ ಮುಚ್ಚಲು ಹೇಳಿದ ಮಾತನ್ನು ಅವಳು ಹನ್ನೊಂದು ವರ್ಷ ನಿಜವೆಂದು ನಂಬಿ ಮರುಗಿದ್ದಳು. ಪಿಟೀಲನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟೆ. "ಮೇಷ್ಟ್ರೇ, ನನ್ನ ಕಿವಿಯಲ್ಲಿ ಏನೂ ಇಲ್ಲ. ಸೋಲೋ ಬೇರೆಯವರಿಗೆ ಕೊಡಿ" ಎಂದೆ.

ಮೇಷ್ಟ್ರು ನೀರು ಕುಡಿದು ಲೋಟ ಕೆಳಗಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ನಗುವುದನ್ನು ಕಂಡೆ.

"ಕಿವಿ ಇಲ್ದೆ ಇದ್ರೆ ಫ್ರಿಜ್ಜಿಗಾದ್ರೂ ಅಷ್ಟು ಸರಿಯಾಗಿ ಹೇಗೆ ಸೇರಿಸ್ತಿದ್ರಿ? ನೀವೇ ನುಡಿಸಿ. ಆದ್ರೆ ಒಬ್ಬರೇ ಬೇಡ. ಮೊದಲಿಂದ್ಲೂ ಹಿಂದೆ ಒಂದು ಶ್ರುತಿ ಇರಲಿ. ಒಂದೇ ಕೀ ಒತ್ತಿ ಹಿಡಿಯೋಕೆ ಯಾರಾದ್ರೂ ಸಾಕು" ಎಂದು ಮಗಳ ಕಡೆ ನೋಡಿದರು.

"ಸ್ಕ್ರೂ ಹಾಕಿಕೊಟ್ರೆ ಬರ್ತೀನಿ" ಎಂದಳು ಮಗಳು.

ಹೀಗಾಗಿ ಭಾನುವಾರ ಮೊದಲ ಸಾಲಿನಲ್ಲಿ ಕರಿ ಕೋಟು ಹಾಕಿಕೊಂಡು ನಿಂತು ನುಡಿಸಿದೆ. ಹಿಂದೆ ಮಗಳು ಕಾಲು ಅಲ್ಲಾಡಿಸುತ್ತ, ಒಂದು ಬೆರಳಲ್ಲಿ ಒಂದು ಕೀ ಹಿಡಿದು ಕೂತಿದ್ದಳು. ಎಲ್ಲೂ ಒಂದು ಕೂದಲೆಳೆ ಜಾರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ನಮಸ್ಕರಿಸಿದೆ, ಎದೆ ಮತ್ತೆ ಸ್ವಲ್ಪ ಉಬ್ಬಿತು.

ಸಭೆ ಮುಗಿದ ಮೇಲೆ ಹೆಂಡತಿಯ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಕೈ ಹಿಡಿದುಕೊಂಡಿದ್ದರು. ನಾನು ಹೊಗಳಿಕೆ ಕೇಳಿಸಿಕೊಳ್ಳೋಣ ಎಂದು ಹತ್ತಿರ ಹೋದೆ.

"ಆ ಹುಡುಗಿ ನಿಮ್ಮ ಮಗಳಂತೆ. ಎಷ್ಟು ಚೆನ್ನಾಗಿ ಒಂದೇ ಸಮ ಶ್ರುತಿ ಹಿಡಿದಿದ್ಳು! ಅವಳ ಮುಂದೆ ನಿಂತು ಕುಯ್ತಾ ಇದ್ರಲ್ಲ, ಅವರು ಯಾರು?"

ಹೆಂಡತಿ ನನ್ನನ್ನೊಮ್ಮೆ ನೋಡಿದಳು.

"ಅವರಾ? ನಮ್ಮನೆ ಫ್ರಿಜ್ಜಿನ ಹಳೇ ಶಿಷ್ಯರು."