ನಮ್ಮ ಮೈದುನನೂ ತೊಟ್ಟಿಲ ಸರಪಳಿಯೂ

ನಮ್ಮ ಮೈದುನನಿಗೆ ಮನುಷ್ಯರು ಕಾಣುವುದಿಲ್ಲ. ಕಣ್ಣಿಗೇನೂ ಕೆಡುಕಿಲ್ಲ, ತುಕ್ಕು ಮಾತ್ರ ಒಂದು ಫರ್ಲಾಂಗು ದೂರದಿಂದಲೇ ಕಾಣುತ್ತದೆ! ನನ್ನ ಗಂಡನ ತಮ್ಮ. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕಬ್ಬಿಣಕ್ಕೆ ಬಣ್ಣ ಹೊಡೆಯುತ್ತಲೇ ತಲೆ ನರೆಸಿಕೊಂಡು, ಸೂಳಗಿರಿ ಪಕ್ಕದ ನಮ್ಮೂರಿಗೆ ವಾಪಸು ಬಂದ. ಬಂದವನು ಉಂಡು ಜಗಲಿಯ ಮೇಲೆ ಕೂರಬಾರದೆ? ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಉಪ್ಪುಕಾಗದ. ಕಂಡ ಕಬ್ಬಿಣವನ್ನೆಲ್ಲ ಉಜ್ಜಿ ನೋಡಬೇಕು.

ನನ್ನ ತಂಗಿಯ ಮಗನಿಗೆ ಹೆಣ್ಣು ನೋಡಲು ಮತ್ತಿಗಿರಿಗೆ ಹೋಗಿದ್ದೆವು. ಹುಡುಗಿ ಕಾಫಿ ತಂದಳು, ಲೋಟ ಒಂದು ಉಳಿಯಿತು. ಇವನೆಲ್ಲಿ? ಹೊರಗೆ ಕುಕ್ಕರಗಾಲಲ್ಲಿ ಕೂತು ಅವರ ಗೇಟಿನ ಬುಡ ಕೆರೆಯುತ್ತಿದ್ದಾನೆ! ಕಂಬ ನೆಲದೊಳಗೆ ಇಳಿಯುವ ಜಾಗದಲ್ಲಿ ನೀರು ನಿಂತು ಕಬ್ಬಿಣ ತಿಂದಿದೆಯಂತೆ. ಹುಡುಗಿಯ ಅಪ್ಪನನ್ನು ಎಬ್ಬಿಸಿಕೊಂಡು ಹೋಗಿ ತೋರಿಸಿದ. ಆ ಸಂಬಂಧ ಕೂಡಲಿಲ್ಲ. ಆದರೆ ಆ ಮನುಷ್ಯ ಇವತ್ತಿಗೂ ಇವನಿಗೆ ಫೋನು ಮಾಡಿ, ಯಾವ ಬಣ್ಣ ಹೊಡೆಸಲಿ ಅಂತ ಕೇಳುತ್ತಾನೆ.

ಆಯುಧಪೂಜೆಯ ದಿನ ಇನ್ನೊಂದು. ನಾನು ಮುಂದೆ ಮುಂದೆ ಹಾರೆ, ಕುಡುಗೋಲಿಗೆಲ್ಲ ಕುಂಕುಮ ಇಟ್ಟು ನಿಂಬೆಹಣ್ಣು ಹಿಂಡಿಕೊಂಡು ಹೋದರೆ, ಇವನು ಹಿಂದೆ ಹಿಂದೆ ಬಟ್ಟೆಯಲ್ಲಿ ಒರೆಸಿ ಗ್ರೀಸು ಬಳಿದುಕೊಂಡು ಬಂದ. ದೇವರ ಭಯ ಬೇಡವೇನೋ ಅಂತ ಬೈದೆ.

"ದೇವ್ರು ಒಂದಿನ ಬಂದು ಹೋಯ್ತಾನೆ ಅತ್ತಿಗೆ. ಈ ಹುಳಿ ಇಲ್ಲೇ ಕುಂತ್ಕಂಡು ವರ್ಷವೆಲ್ಲ ತಿಂತದೆ."

ಆ ವರ್ಷ ಹಾರೆಗೆ ಇಟ್ಟ ಹೂವೆಲ್ಲ ಜಾರಿ ಜಾರಿ ನೆಲ ಸೇರಿತು.

ಇದನ್ನೆಲ್ಲ ನಗಾಡಿಕೊಂಡು ಬಿಟ್ಟಿದ್ದೆ. ಮೊಮ್ಮಗಳ ಕೂಸಿಗೆ ಹೆಸರಿಡುವ ದಿನ ಮಾತ್ರ ನನಗೂ ಅವನಿಗೂ ಹತ್ತಿಕೊಂಡಿತು.

ನನ್ನ ತೌರಿನ ತೊಟ್ಟಿಲ ಸರಪಳಿ ಒಂದಿದೆ. ಕಬ್ಬಿಣದ ಕೊಂಡಿಗಳು, ನಡುನಡುವೆ ಹಿತ್ತಾಳೆ ಗಿಣಿಗಳು. ಪ್ರತಿ ಸಲ ಕೆಲಸ ಮುಗಿದ ಮೇಲೆ ಹುಣಸೆಹಣ್ಣು, ಉಪ್ಪು ಹಾಕಿ ಗಿಣಿ ಮಿರಮಿರ ಮಿಂಚುವ ಹಾಗೆ ತಿಕ್ಕಿ, ಒದ್ದೆ ಬಟ್ಟೆಯಲ್ಲೇ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದೆ. ಇದನ್ನು ಹೇಳಿದ್ದೇ ತಪ್ಪಾಯಿತು. ಹಣೆ ಚಚ್ಚಿಕೊಂಡ. ಗಾಳಿ, ನೀರು ಎರಡೂ ಸೇರಿದರೆ ತುಕ್ಕಂತೆ, ಎಣ್ಣೆಯೋ ಬಣ್ಣವೋ ಬಳಿದು ಅವನ್ನು ಹೊರಗೇ ತಡೆದರೆ ಕಬ್ಬಿಣ ಬದುಕಿಕೊಳ್ಳುತ್ತದಂತೆ, ಉಪ್ಪು ಹುಳಿ ಬಿದ್ದರೆ ಇನ್ನೂ ಬೇಗ ಹಾಳಂತೆ. ಅದರ ಮೇಲೆ ಹಿತ್ತಾಳೆಗೆ ತಾಗಿಕೊಂಡು ತೇವದಲ್ಲಿದ್ದರೆ ಸವೆಯುವುದು ಕಬ್ಬಿಣವೇ, ಹಿತ್ತಾಳೆ ಹೊಳೆಯುತ್ತಲೇ ಇರುತ್ತದಂತೆ. ಒಂದೇ ಮನೆಗೆ ಬಂದ ವಾರಗಿತ್ತಿಯರ ಕಥೆಯೂ ಇದೇ ಅಲ್ಲವೇ ಅಂದೆ. ನಗಲಿಲ್ಲ. ಗಿಣಿಯ ಪಕ್ಕದ ಕೊಂಡಿ ತೋರಿಸಿದ. ಅದು ಉಳಿದವಕ್ಕಿಂತ ದಪ್ಪಗೇ ಇತ್ತು!

"ಅದು ಊದ್ಕಂಡಿರೋದು ಅತ್ತಿಗೆ. ಒಳಗೆ ಕಬ್ಬಿಣ ಎಷ್ಟು ಉಳಿದೈತೋ ಗೊತ್ತಿಲ್ಲ. ಬ್ಯಾಡ, ಹಗ್ಗ ಕಟ್ಟಾಣ."

"ನನ್ನ ನಾಕು ಮಕ್ಕಳನ್ನ ತೂಗಿದ ಸರಪಳಿ ಕಣಪ್ಪ ಇದು. ಒಳ್ಳೆ ದಿನದಾಗೆ ಅಪಶಕುನ ಆಡ್ಬೇಡ."

ತೊಟ್ಟಿಲಲ್ಲಿ ಅರ್ಧ ಮೂಟೆ ರಾಗಿ ಇಟ್ಟು ಎಲ್ಲರೆದುರಿಗೆ ತೂಗಿಸಿದೆ. ಕೊಂಡಿ ಕಿರ್ ಅನ್ನಲಿಲ್ಲ. ಬಂದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಒಂದು ಸಲ ತಡೆದರೆ ಯಾವಾಗಲೂ ತಡೆಯುತ್ತದೆ ಅಂತಲ್ಲ ಅಂದ ಅವನು.

ಕೂಸನ್ನು ಮಲಗಿಸಿ ಹೆಂಗಸರು ಹಾಡು ಎತ್ತಿಕೊಂಡರು. ನಮ್ಮೂರಿನ ಜೋಗುಳ ಚಿಕ್ಕದೆಲ್ಲಿ? ಎರಡನೇ ಹಾಡಿನ ಹೊತ್ತಿಗೆ ಹುಡುಗಿಯರು ಬಾಯಿಗೆ ಸೆರಗು ಹಿಡಿದು ಕಿಸಕಿಸ ಅನ್ನತೊಡಗಿದರು. ಬಗ್ಗಿ ನೋಡಿದೆ. ಸೀರೆಗಳ ಮಧ್ಯೆ ನುಗ್ಗಿ, ಮಂಡಿಯೂರಿ ಕೂತಿದ್ದಾನೆ ನಮ್ಮ ಮೈದುನ. ಎರಡೂ ಅಂಗೈ ತೊಟ್ಟಿಲ ಅಡಿಗೆ. ತೊಟ್ಟಿಲು ಅತ್ತ ಹೋದರೆ ಕೈ ಅತ್ತ, ಇತ್ತ ಬಂದರೆ ಇತ್ತ. ಯಾರ ನಗುವೂ ಅವನ ಕಿವಿಗೆ ಬಿದ್ದಂತಿರಲಿಲ್ಲ. ಮೋರೆ ಬೆವೆತಿತ್ತು.

ನಾನು ಸೀರೆ ಎತ್ತಿ ಕಟ್ಟಿ ಅವನ ಪಕ್ಕಕ್ಕೆ ಹೋದೆ.

"ಅತ್ಲಾಗೆ ಸರಿ."

"ನಿಮಗೆ ಮಂಡಿನೋವು ಅತ್ತಿಗೆ."

"ನಿಂಗೇನು ಕಮ್ಮಿ ಐತಾ? ಅತ್ಲಾಗೆ ಸರಿ ಅಂದ್ನಲ್ಲ."

ಸರಿದ. ಅವನ ಕೈಯ ಪಕ್ಕ ನನ್ನ ಕೈಯನ್ನೂ ಚಾಚಿದೆ. ತೊಟ್ಟಿಲು ಬೆರಳಿಗೆ ತಾಗಿ ತಾಗಿ ಹೋಗುತ್ತಿತ್ತು. ಆ ಕೊಂಡಿಯನ್ನು ಕೆಳಗಿನಿಂದ ನೋಡಿದೆ. ಮೇಲಿನಿಂದ ದಪ್ಪಗೆ ಕಂಡದ್ದು ಕೆಳಗೆ ಪದರ ಪದರವಾಗಿ ಬಿರುಕು ಬಿಟ್ಟಿತ್ತು.

ಹಾಡಿನ ನಡುವೆಯೇ ಕೂಗಿ ಹೇಳಿದೆ, "ಸಾಕು ನಿಲ್ಸ್ರೇ. ಕೂಸನ್ನ ಎತ್ಕಳ್ರಿ, ಹಗ್ಗ ತಂದು ಕಟ್ಟಿದ ಮ್ಯಾಕೆ ಹಾಡೀರಂತೆ."

ಮೊಮ್ಮಗಳು ಕೂಸನ್ನು ಎತ್ತಿಕೊಂಡಳು. ತೊಟ್ಟಿಲು ಬರಿದಾದ ಮೇಲೂ ಅವನ ಕೈ ಹಾಗೇ ಚಾಚಿಕೊಂಡಿತ್ತು. ಬೆರಳು ಸೆಟೆದು ಹೋಗಿದ್ದವು. ಒಂದೊಂದನ್ನೇ ನಾನೇ ನೀವಿ ಮಡಿಸಬೇಕಾಯಿತು.